ಸಾಲಿಗೆ ಸೇರದವರು

ಆ ವರ್ಷ ಕಾವೂರಿನ ನಮ್ಮ ಓಣಿಯಲ್ಲಿ ಎಲ್ಲರಿಗಿಂತ ಮೊದಲು ಗೂಡುದೀಪ ಹಾಕಿದ್ದು ನಮ್ಮ ಮನೆಯಲ್ಲಿ. ಅದನ್ನು ಸಂತೋಷದ ಸಂಗತಿ ಎಂದು ಯಾರೂ ತಿಳಿಯಬಾರದು. ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬವಿಲ್ಲ ಎನ್ನುವುದು ಇಲ್ಲಿ ಮಕ್ಕಳಿಗೂ ಗೊತ್ತು. ಸೋಂಕಿನ ಎರಡನೆಯ ಅಲೆಯಲ್ಲಿ ಅಪ್ಪ ಹೋಗಿದ್ದರು, ದೀಪಾವಳಿಗೆ ಆರು ತಿಂಗಳೂ ಆಗಿರಲಿಲ್ಲ. ಅಮ್ಮ ಸ್ಟೂಲ್ ಹತ್ತಿ ಕೆಂಪು ಹಳದಿ ಕಾಗದದ ಗೂಡುದೀಪವನ್ನು ಜಗಲಿಯ ಕೊಕ್ಕೆಗೆ ತಾನೇ ಸಿಕ್ಕಿಸಿ, ಇಳಿದು, "ಸ್ವಿಚ್ ಹಾಕು" ಎಂದಳು. ಹಾಕಿದೆ. ಓಣಿಯಲ್ಲಿ ಹೋಗುತ್ತಿದ್ದ ಇಬ್ಬರು ಬೆಳಕು ನೋಡಿ ನಿಂತರು. ಆಮೇಲೆ ಮಾಸ್ಕನ್ನು ಮೂಗಿನ ಮೇಲಕ್ಕೆ ಎಳೆದುಕೊಂಡು ಬೇಗ ಬೇಗ ನಡೆದರು.

ಪಕ್ಕದ ಮನೆಯಲ್ಲಿ ಒಬ್ಬರು ನಿವೃತ್ತ ಟೀಚರ್ ಇದ್ದಾರೆ. ಕೊಂಕಣಿ ಮಾತಾಡುವ ಕ್ರಿಶ್ಚಿಯನ್ನರು, ನಮಗೆ ಬಾಯಮ್ಮ. ಮಾರನೆಯ ಬೆಳಿಗ್ಗೆ ಅವರು ಕಂಪೌಂಡಿನ ಆಚೆಯಿಂದ ಮೆಲ್ಲಗೆ ಕರೆದರು.

"ಅಮ್ಮನಿಗೆ ಎಂತ ಆಗಿದೆ ಮಗಾ? ನಮ್ಮಲ್ಲಿ ಮರಣ ಆದ ವರ್ಷ ಕ್ರಿಸ್ಮಸ್‌ಗೆ ನಕ್ಷತ್ರ ಕಟ್ಟುವುದಿಲ್ಲ ನಾವು."

"ನಮ್ಮಲ್ಲಿಯೂ ಇಲ್ಲ ಬಾಯಮ್ಮ. ನೀವೇ ಒಮ್ಮೆ ಹೇಳಿ ನೋಡಿ."

ಅವರು ಹೇಳಲಿಲ್ಲ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು?

ಅಮ್ಮನ ಲೆಕ್ಕದಲ್ಲಿ ನಮ್ಮದು ಸಾವಾದ ಮನೆಯೇ ಅಲ್ಲ. ಅಪ್ಪ ಆಂಬುಲೆನ್ಸ್ ಹತ್ತಿದ್ದು ತಮ್ಮ ಕಾಲಲ್ಲೇ. ಕೊಟ್ಟಾರದಲ್ಲಿ ಅವರದ್ದೊಂದು ಸ್ಪೇರ್ ಪಾರ್ಟ್ಸ್ ಅಂಗಡಿ ಇತ್ತು. ಅಂಗಡಿಗೆ ಹೊರಡುವಾಗ ಹೇಗೋ ಹಾಗೆಯೇ ಇಸ್ತ್ರಿ ಮಾಡಿದ ಶರ್ಟು ಹಾಕಿ, ಕೈಯಲ್ಲೊಂದು ಚೀಲ ಹಿಡಿದು ಹೊರಟರು. ಗೇಟಿನ ಬಳಿ ನಿಂತು, "ಎಂತ ಇಲ್ಲ ಮಾರಾಯ್ತಿ, ಎರಡು ದಿನ ಆಕ್ಸಿಜನ್ ಕೊಟ್ಟು ಕಳಿಸ್ತಾರೆ" ಎಂದರು. ಅಮ್ಮ ಅವರನ್ನು ಕೊನೆಯ ಸಲ ಕಂಡದ್ದು ಹಾಗೆ, ನಿಂತು ಮಾತಾಡುತ್ತಿದ್ದವರನ್ನು.

ಆಮೇಲಿನದ್ದಕ್ಕೆ ಅಮ್ಮ ಸಾಕ್ಷಿಯಲ್ಲ. ಅವಳಿಗೂ ಜ್ವರ ಬಂದು ಮನೆಯಲ್ಲೇ ಕ್ವಾರಂಟೈನ್ ಆಗಿದ್ದಳು. ಶ್ಮಶಾನಕ್ಕೆ ಹೋದದ್ದು ನಾನು ಮತ್ತು ಮಾಮ, ಅಂದರೆ ಅಮ್ಮನ ಅಣ್ಣ. ತಲೆಯಿಂದ ಕಾಲಿನವರೆಗೆ ಬಿಳಿ ಉಡುಪು ತೊಟ್ಟವರು ಜಿಪ್ ಎಳೆದ ಚೀಲವೊಂದನ್ನು ಇಳಿಸಿ ಒಳಗೆ ಒಯ್ದರು. ಚೀಲದ ಮೇಲೆ ಹೆಸರಿನ ಚೀಟಿ ಇತ್ತಂತೆ. ನಾವು ನಿಂತಲ್ಲಿಂದ ಅದು ಕಾಣಿಸಲಿಲ್ಲ. ಹತ್ತಿರ ಬರಬಾರದು, ನೋಡಬಾರದು ಎಂದರು. ಆ ದಿನಗಳಲ್ಲಿ ಎಲ್ಲರಿಗೂ ಹಾಗೆಯೇ ಹೇಳುತ್ತಿದ್ದರು, ಅವರನ್ನು ದೂರಿ ಪ್ರಯೋಜನವಿಲ್ಲ. ಮನೆಗೆ ಬಂದಾಗ ಅಮ್ಮ ಕಿಟಕಿಯ ಒಳಗಿನಿಂದ ಕೇಳಿದ್ದು ಒಂದೇ ಪ್ರಶ್ನೆ.

"ಮುಖ ನೋಡಿದ್ಯಾ?"

"ಇಲ್ಲಮ್ಮ."

"ಅಣ್ಣಾ, ನೀನು?"

ಮಾಮ ಇಲ್ಲವೆಂದು ತಲೆ ಆಡಿಸಿದ.

"ಮತ್ತೆ?" ಎಂದಳು ಅಮ್ಮ. "ಕಣ್ಣಾರೆ ಕಂಡರೂ ಪರಾಂಬರಿಸಿ ನೋಡಬೇಕಂತೆ. ನೀವು ಕಾಣಲೇ ಇಲ್ಲವಲ್ಲ."

ನಾನು ಬಲ್ಮಠದ ಕಾಲೇಜೊಂದರಲ್ಲಿ ಫಿಸಿಕ್ಸ್ ಕಲಿಸುತ್ತೇನೆ. ಬಾಯಿ ಸ್ವಲ್ಪ ಜೋರು. ಆದರೆ ಆ ಹೊತ್ತು ಕಿಟಕಿಯ ಬಳಿಯಿಂದ ಸರಿದು ಸ್ನಾನಕ್ಕೆ ಹೋದೆ.

ಉತ್ತರಕ್ರಿಯೆಯ ದಿನ ಅಮ್ಮನ ಹಟ ಇನ್ನೂ ಬಿಗಿಯಾಯಿತು. ತುಳುವರಾದ ನಾವು ಉತ್ತರಕ್ರಿಯೆಗೆ ಬೊಜ್ಜ ಎನ್ನುತ್ತೇವೆ. ಆಗ ಹೋದವರನ್ನು ಕರೆದು ಮನೆತನದ ಹಿರಿಯರ ಸಾಲಿಗೆ ಸೇರಿಸುವ ಕ್ರಮವುಂಟು. ಸೇರಿದವರು ಕುಲೆಗಳಾಗುತ್ತಾರೆ, ಅಂದರೆ ನಮ್ಮವರೇ ಆದ ಪ್ರೇತಗಳು. ಹಬ್ಬಕ್ಕೆ ಬಂದು, ಬಡಿಸಿದ್ದನ್ನು ಉಂಡು, ಹರಸಿ ಹೋಗುತ್ತಾರೆ. ಸೇರದವರು ಹೊರಗೇ ಉಳಿಯುತ್ತಾರೆ, ಅವರಿಗೆ ಹೊಸ್ತಿಲಿನ ಒಳಗೆ ಜಾಗವಿಲ್ಲ. ಆ ದಿನ ಇದ್ದದ್ದೇ ಬೆರಳೆಣಿಕೆಯ ಜನ. ಸೇರಿಸುವ ಹೊತ್ತಿಗೆ ಅಮ್ಮ ಎದ್ದು ಬಾಗಿಲಿಗೆ ಅಡ್ಡ ನಿಂತಳು.

"ಯಾರನ್ನು ಸೇರಿಸ್ತೀರಿ? ಯಾರದ್ದೋ ಮನೆಯ ಜೀವವನ್ನು ತಂದು ನಮ್ಮ ಹಿರಿಯರ ಸಾಲಿನಲ್ಲಿ ಕೂರಿಸ್ತೀರಾ? ನಾಳೆ ಇವರು ಬಂದರೆ ಎಂತ ಹೇಳುವುದು?"

ಮಾಮ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿ. "ಆಯ್ತು, ಅದನ್ನು ಮತ್ತೆ ನೋಡುವ" ಎಂದುಬಿಟ್ಟ. ನನಗೆ ಇಬ್ಬರ ಮೇಲೂ ಸಿಟ್ಟು ಬಂತು. ಅಪ್ಪನನ್ನು ಕಳೆದುಕೊಂಡ ದುಃಖ ನನಗೂ ಇತ್ತು, ಆದರೆ ಆ ಮನೆಯಲ್ಲಿ ಅಳುವುದೆಂದರೆ ಅಮ್ಮನ ಎದುರು ಅಪ್ಪನನ್ನು ಕೊಂದ ಹಾಗೆ. ನಾನು ಅತ್ತದ್ದೆಲ್ಲ ಬಚ್ಚಲಿನಲ್ಲಿ, ನಳ್ಳಿಯ ನೀರು ಬಿಟ್ಟುಕೊಂಡು.

ಅಲ್ಲಿಂದ ಶುರುವಾದದ್ದು ಗೇಟಿನ ಕಾಟ. ಆಗ ಯಾರೂ ಯಾರ ಮನೆಯೊಳಗೂ ಬರುತ್ತಿರಲಿಲ್ಲ. ಹಾಲು, ಮೀನು, ಬಾಯಮ್ಮನ ಮನೆಯ ಬಸಳೆ, ಎಲ್ಲವನ್ನೂ ಚೀಲದಲ್ಲಿ ಗೇಟಿಗೆ ನೇತು ಹಾಕಿ, ಚಿಲಕವನ್ನು ಒಮ್ಮೆ ಸದ್ದು ಮಾಡಿ ಹೋಗಿಬಿಡುತ್ತಿದ್ದರು. ಚಿಲಕ ಸದ್ದಾದ ಕೂಡಲೇ ಅಮ್ಮ ಕೈಯ ಕೆಲಸ ಬಿಟ್ಟು ಏಳುವಳು. "ಬಂದ್ರು" ಎನ್ನುವಳು. ಸೆರಗು ಸರಿಮಾಡಿಕೊಂಡು ಹೋಗಿ, ಚೀಲ ಹಿಡಿದು ಬಂದು, "ಬಸಳೆ" ಎಂದು ಹೇಳಿ ಅಡುಗೆಮನೆಗೆ ಹೋಗುವಳು. ದಿನಕ್ಕೆ ಎಷ್ಟೋ ಸಲ ಇದೇ. ಕಾಯಿಲೆಯ ಭಯ ಇಳಿದು ಉಳಿದವರು ಮದುವೆ ಮುಂಜಿ ಎಂದು ಓಡಾಡತೊಡಗಿದ ಮೇಲೂ ನಮ್ಮ ಮನೆಗೆ ಮಾತ್ರ ಜನ ಗೇಟಿನಿಂದ ಒಳಗೆ ಬರಲಿಲ್ಲ. ಅವರಿಗೆ ಅಮ್ಮನ ಭಯ ಎಂದು ನನಗೆ ಗೊತ್ತಿತ್ತು.

ಕೆಲವು ಸಲ ಚಿಲಕ ಸದ್ದಾದರೂ ಚೀಲ ಇರುತ್ತಿರಲಿಲ್ಲ. ಬೆಕ್ಕು ಎನ್ನುತ್ತಿದ್ದೆ ನಾನು. ಇಲ್ಲವೇ ಬಿಸಿಲಿಗೆ ಹಿಗ್ಗಿದ ಕಬ್ಬಿಣ ಸಂಜೆಗೆ ಕುಗ್ಗುತ್ತದೆ ಎಂದು ಪಾಠ ಮಾಡುತ್ತಿದ್ದೆ. ಅಮ್ಮ ಕೇಳಿಸಿಕೊಂಡು, "ಹೌದಾ" ಎನ್ನುವಳು. ದಿನಾ ಸಂಜೆ ಅಪ್ಪನ ಸ್ನಾನಕ್ಕೆ ನೀರು ಕಾಯಿಸಿ, ಬಚ್ಚಲಿನ ಗೂಟಕ್ಕೆ ಅವರ ಮೈ ಒರೆಸುವ ಬೈರಾಸು ಹಾಕಿಡುವಳು. ರಾತ್ರಿ ಆ ನೀರು ತಣ್ಣಗಾಗುತ್ತಿತ್ತು. ಒಂದು ದಿನ ನಾನು ಕೈ ತೊಳೆಯಲು ಹೋದಾಗ ಆ ಬೈರಾಸು ಒದ್ದೆಯಾಗಿತ್ತು. ನಾನಂತೂ ಮುಟ್ಟಿರಲಿಲ್ಲ. ಅಮ್ಮ ಮುಖ ಒರೆಸಿರಬೇಕು, ಮತ್ತೆ ಯಾರು? ಆದರೂ ನಾನು ಅವಳನ್ನು ಕೇಳಲಿಲ್ಲ. "ನಾನಲ್ಲ" ಎಂದುಬಿಟ್ಟರೆ ಆ ಮನೆಯಲ್ಲಿ ಮಲಗುವುದು ಹೇಗೆ?

ಹೀಗಿರುವಾಗ ದೀಪಾವಳಿ ಬಂತು. ಗೂಡುದೀಪ ಹಾಕಿದ ಮೇಲೆ ಅಮ್ಮ ಕುಲೆಗಳಿಗೆ ಬಡಿಸುವುದನ್ನೂ ಬಿಡಲಿಲ್ಲ. ಹಬ್ಬವೆಂದರೆ ಪೂರ್ತಿ ಹಬ್ಬ. ಮಾಮ ಕೋಳಿ, ಬಾಳೆ ಎಲೆ, ಒಂದು ಸಣ್ಣ ಬಾಟಲಿ ಬ್ರಾಂಡಿ ತಂದ. ಅಮ್ಮ ಮಧ್ಯಾಹ್ನದಿಂದ ಅಡುಗೆಮನೆಯಲ್ಲಿದ್ದಳು. ಕೋಳಿ ಸಾರು, ರೊಟ್ಟಿ, ಬಂಗುಡೆ ಮೀನಿನ ಪುಳಿಮುಂಚಿ. ಮನೆ ತುಂಬ ಹಿಂದಿನ ಹಬ್ಬಗಳದ್ದೇ ಪರಿಮಳ. ಅದು ನನಗೆ ಹಿತವೆನಿಸಲಿಲ್ಲ.

ಎಲೆ ಒರೆಸುತ್ತ ಮಾಮ ಮೆತ್ತಗೆ ಶುರು ಮಾಡಿದ. "ಭಾವನ ಹೆಸರಿನಲ್ಲಿ ಹೊರಗೆ ಒಂದು ಎಲೆ ಹಾಕುವಾ? ಸೇರಿಸದವರಿಗೆ ಹೊರಗೆ ಬಡಿಸುವ ಕ್ರಮ ಉಂಟಲ್ಲ."

"ಬದುಕಿದ್ದವರಿಗೆ ಎಲೆ ಹಾಕಿದರೆ ಆಯುಷ್ಯ ಕಡಿಮೆ ಆಗ್ತದೆ ಅಣ್ಣ" ಎಂದಳು ಅಮ್ಮ, ಸೌಟು ತಿರುಗಿಸುತ್ತ. "ನಿನಗೆ ತಿಳಿಯದ್ದು ಎಂತ ಉಂಟು?"

"ಅಮ್ಮ, ಸಾಕು ಮಾಡು" ಎಂದೆ ನಾನು. ನನ್ನ ಸ್ವರ ಏರಿತ್ತು. "ಅವರು ಬರುವುದಿಲ್ಲ. ಎಷ್ಟು ದಿನ ಅಂತ ಅವರನ್ನು ಹೊರಗೆ ನಿಲ್ಲಿಸ್ತೀ?"

ಅಮ್ಮ ನನ್ನ ಕಡೆಗೆ ನೋಡಲೇ ಇಲ್ಲ. ಉಪ್ಪು ಸಾಕಾ ನೋಡು ಎಂದು ಅಂಗೈಗೆ ಒಂದು ಹನಿ ಸಾರು ಹಾಕಿದಳು.

ಮುಸ್ಸಂಜೆಗೆ ಒಳಕೋಣೆಯಲ್ಲಿ ದೀಪವಿಟ್ಟು, ಹಿರಿಯರಿಗೆ ಸಾಲಾಗಿ ಎಲೆ ಹಾಕಿ ಬಡಿಸಿದೆವು. ಮಾಮ ಕೈಮುಗಿದು ಹಿರಿಯರನ್ನು ಕರೆದ, ಬಂದು ಉಣ್ಣಬೇಕು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು ಎಂದ. ಆಮೇಲೆ ಬಾಗಿಲು ಎಳೆದುಕೊಂಡು ಹೊರಗೆ ಬಂದೆವು. ಅವರು ಉಣ್ಣುವುದನ್ನು ನಾವು ನೋಡಬಾರದು, ಆ ಹೊತ್ತಿನಲ್ಲಿ ಮಾತಾಡಲೂಬಾರದು. ಸ್ವಲ್ಪ ಕಳೆದ ಮೇಲೆ ಮನೆಯ ಹಿರಿಯ ಕೆಮ್ಮಿ, ಬಾಗಿಲು ಬಡಿದು ತೆರೆಯುತ್ತಾನೆ. ನಾವು ಮೂವರೂ ಹಾಲ್‌ನಲ್ಲಿ ಕುಳಿತೆವು. ಮುಂಬಾಗಿಲು ಮುಚ್ಚಿತ್ತು. ದೂರದಲ್ಲಿ ಎಲ್ಲೋ ಪಟಾಕಿ, ಅದೂ ಆಗೊಂದು ಈಗೊಂದು.

ಚಿಲಕ ಸದ್ದಾಯಿತು.

ನಾನು ಅಮ್ಮನನ್ನು ನೋಡಿದೆ. ಅವಳು ಈಗ ಎದ್ದಾಳು, "ಬಂದ್ರು" ಎಂದಾಳು ಎಂದುಕೊಂಡೆ. ಅಮ್ಮ ಏಳಲಿಲ್ಲ. ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದು ಕುಳಿತಿದ್ದಳು. ಅವಳ ಮುಖದಲ್ಲಿ ಹೆದರಿಕೆ ಇತ್ತು. ಹಾಲಿನ ಚೀಲ ಬಂದಾಗ, ಬೆಕ್ಕು ಹಾರಿದಾಗ, ಏನೂ ಇಲ್ಲದಾಗಲೂ ಓಡಿದವಳು ಆ ಸಂಜೆ ಗಂಡ ಬಂದರೆಂದು ಓಡಲಿಲ್ಲ. ಆ ಸಂಜೆ ಉಣ್ಣಲು ಬರುವವರು ಎಂಥವರೆಂದು ಅವಳಿಗೆ ಗೊತ್ತಿತ್ತು. ಅವಳ ಆ ಹೆದರಿಕೆಯನ್ನು ಕಂಡಾಗಲೇ ನನಗೆ ಅಪ್ಪ ನಿಜವಾಗಿ ಸತ್ತದ್ದು.

ಜಗಲಿಯ ಮೆಟ್ಟಿಲ ಬಳಿ ಚಪ್ಪಲಿ ಕಳಚಿಟ್ಟ ಹಾಗೆ ಮತ್ತೊಂದು ಸದ್ದು. ಮಾಮನಿಗೂ ಕೇಳಿಸಿತು, ಅವನು ಬಾಗಿಲಿನ ಕಡೆಗೆ ತಿರುಗಿದ. ಆಮೇಲೆ ಏನೂ ಇಲ್ಲ. ಬಾಗಿಲನ್ನು ಯಾರೂ ತಟ್ಟಲಿಲ್ಲ. ಕುಗ್ಗುವ ಕಬ್ಬಿಣದ ಪಾಠ ನನ್ನ ಬಾಯಿಗೆ ಬರಲಿಲ್ಲ.

ಮಾತಾಡಬಾರದ ಹೊತ್ತಿನಲ್ಲಿ ಅಮ್ಮನೇ ಮಾತಾಡಿದಳು. "ಹೊರಗೆ ನಿಂತಿದ್ದಾರೆ" ಎಂದಳು.

ಎದ್ದು ಅಡುಗೆಮನೆಗೆ ಹೋದಳು. ಎಲೆ ತೊಳೆಯುವ ಸದ್ದು, ಪಾತ್ರೆಯ ಮುಚ್ಚಳ ತೆಗೆಯುವ ಸದ್ದು. ಬಂದು ಮುಂಬಾಗಿಲು ತೆರೆದಳು. ಗೂಡುದೀಪದ ಕೆಂಪು ಬೆಳಕಿನಲ್ಲಿ ಜಗಲಿ ಖಾಲಿ ಇತ್ತು. ಗೇಟು ಅರ್ಧ ತೆರೆದಿತ್ತು, ಅದರಲ್ಲಿ ಯಾವ ಚೀಲವೂ ಇರಲಿಲ್ಲ. ಅಮ್ಮ ಜಗಲಿಯಲ್ಲಿ ಎಲೆ ಹಾಕಿದಳು, ರೊಟ್ಟಿ ಮುರಿದು ಹಾಕಿ ಸಾರು ಹೊಯ್ದಳು, ಬಂಗುಡೆಯನ್ನು ಬಲಗಡೆಗಿಟ್ಟಳು. ಗಂಡನ ಹೆಸರು ಹೇಳುವ ಪದ್ಧತಿ ಅವಳಿಗಿರಲಿಲ್ಲ. ಮದುವೆಯಾದ ಲಾಗಾಯ್ತು ಅವರನ್ನು ಕರೆದದ್ದು 'ಇಂದಾ' ಎಂದೇ, ಇಲ್ಲಿ ನೋಡಿ ಎನ್ನುವ ಹಾಗೆ.

"ಇಂದಾ, ಉಣ್ಲೆ" ಎಂದಳು ತುಳುವಿನಲ್ಲಿ. ಉಣ್ಣಿ ಎಂದು.

ಅವಳು ಒಳಗೆ ಬಂದ ಮೇಲೆ ಮಾಮ ಬಾಗಿಲು ಮುಚ್ಚಲು ಹೋದ. ಅಮ್ಮ ತಡೆದಳು.

"ಹಾಕ್ಬೇಡ ಅಣ್ಣ. ಆಸ್ಪತ್ರೆಯಲ್ಲಿಯೂ ಬಾಗಿಲು ಹಾಕಿಯೇ ಇಟ್ಟದ್ದು ಅವರನ್ನು."

"ಉಣ್ಣುವುದನ್ನು ನೋಡಬಾರದಲ್ಲ."

"ನೋಡುವುದಿಲ್ಲ."

ಅಮ್ಮ ತೆರೆದ ಬಾಗಿಲಿಗೆ ಬೆನ್ನು ಹಾಕಿ ಗೋಡೆಯ ಕಡೆಗೆ ತಿರುಗಿ ನಿಂತಳು. ಅಷ್ಟು ತಿಂಗಳು ಮುಖ ನೋಡದೆ ನಂಬುವುದಿಲ್ಲ ಎಂದು ಹಟ ಹಿಡಿದವಳು ಅವಳೇ. ನಾವೂ ಅವಳ ಪಕ್ಕದಲ್ಲಿ ಹಾಗೆಯೇ ನಿಂತೆವು. ಅವಳ ಭುಜ ಅಲುಗುತ್ತಿತ್ತು; ಅವಳು ಅಳುವುದನ್ನು ನಾನು ಆವರೆಗೆ ನೋಡಿರಲಿಲ್ಲ. ನಾನೂ ಅತ್ತೆ, ನಳ್ಳಿಯ ಸದ್ದಿಲ್ಲದೆ. ಹಿಂದೆ ಜಗಲಿಯಲ್ಲಿ ಎಲೆ ಒಮ್ಮೆ ಸರಕ್ಕೆಂದಿತು. ತಿರುಗಿ ನೋಡಬೇಕೆಂದು ನನ್ನ ಕುತ್ತಿಗೆಯೆಲ್ಲ ಎಳೆಯಿತು, ಆದರೆ ಅಮ್ಮ ನನ್ನ ಮಣಿಕಟ್ಟು ಹಿಡಿದಿದ್ದಳು.

ತುಂಬ ಹೊತ್ತಾದ ಮೇಲೆ ಮಾಮ ಕ್ರಮದಂತೆ ಕೆಮ್ಮಿದ. "ಆಯ್ತಲ್ಲ, ಇನ್ನು ತಿರುಗುವ" ಎಂದ.

"ಸ್ವಲ್ಪ ನಿಲ್ಲಣ್ಣ" ಎಂದಳು ಅಮ್ಮ. "ಅವರು ಉಣ್ಣುವುದು ನಿಧಾನ."