ಸವಳು ನೀರು, ಸಮುದ್ರದ ಮೀನು

ಮಸ್ಕಿಯ ನಮ್ಮ ಮನೆಯಲ್ಲಿ ಮೊಟ್ಟೆಯ ಮಾತನ್ನೂ ಎತ್ತುವಂತಿರಲಿಲ್ಲ. ಅಂಥ ಮನೆಯ ಪಡಸಾಲೆಯಲ್ಲಿ ನಾನು ಸಮುದ್ರದ ಮೀನು ಸಾಕಲು ಹೊರಟೆ. ತೊಂಬತ್ತರ ದಶಕದ ಮೊದಲ ವರ್ಷಗಳು. ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದೆ. ತರಬೇತಿಗೆಂದು ಮದ್ರಾಸಿಗೆ ಹೋದಾಗ ಗಾಜಿನ ತೊಟ್ಟಿಯೊಂದರಲ್ಲಿ ಜೀವಂತ ಹವಳ ನೋಡಿದೆ. ಎಷ್ಟೋ ವರ್ಷದಿಂದ ಅದರ ಪಾಠ ಮಾಡುತ್ತಿದ್ದವಳು ಅದು ಬಾಯಿ ಬಿಡುವುದನ್ನೇ ಕಂಡಿರಲಿಲ್ಲ! ನಾಚಿಕೆಯಾಯಿತು. ಮನೆಗೆ ಬಂದರೂ ಆ ಹುಚ್ಚು ಬಿಡಲಿಲ್ಲ.

ವಿಷಯ ಕೇಳಿ ಅತ್ತೆ ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ಷರತ್ತು ಹಾಕಿದರು.

“ಇಟ್ಕೊ ಟೀಚರವ್ವ. ಆದ್ರ ಇದು ಲಿಂಗಪೂಜಿ ಮಾಡೋ ಮನಿ. ಒಂದ ಜೀವ ಸತ್ತರೂ ನಿನ್ನ ಪೆಟಗಿ ಅವತ್ತ ಬೀದಿಗೆ.”

ನನ್ನ ಗಂಡನದು ಮೋಟರ್ ರಿವೈಂಡಿಂಗ್ ಅಂಗಡಿ. ಸಿಂಧನೂರಿನಲ್ಲಿ ದಪ್ಪ ಗಾಜು ಕೊಯ್ಯಿಸಿ ತಂದು, ಅಂಟಿಸಿ, ಎಂಟು ಕೊಡ ನೀರು ಹಿಡಿಯುವ ತೊಟ್ಟಿ ಮಾಡಿದರು. ಏರ್ ಕೂಲರಿನ ಪುಟ್ಟ ಪಂಪು ಇಳಿಸಿ ನೀರು ಸದಾ ಸುತ್ತುವಂತೆ ಮಾಡಿದರು. ಮೇಲೆ ಎರಡು ಟ್ಯೂಬ್‌ಲೈಟು. ಕರೆಂಟು ಹೋದರೆ ಗಾಳಿ ಊದಲು ಸೈಕಲ್ ಪಂಪು. ಸಮುದ್ರದ ಉಪ್ಪಿನ ಪೊಟ್ಟಣಗಳು, ತೂತು ತೂತಾದ ಕಲ್ಲುಗಳು, ಉಪ್ಪು ಅಳೆಯುವ ಗಾಜಿನ ಕೊಳವೆ ಹೈದರಾಬಾದಿನಿಂದ ಬಂದವು.

ನನ್ನ ಅತಿಬುದ್ಧಿ ಓಡಿದ್ದು ಆಗಲೇ. ನನ್ನ ತವರು ವಳಕಮದಿನ್ನಿ. ಕಾಲುವೆ ಬಂದ ಮೇಲೆ ಅಲ್ಲಿ ಭತ್ತದ ಜೊತೆಗೆ ನೆಲದಿಂದ ಬೆಳ್ಳಗೆ ಉಕ್ಕುವ ಸವಳೂ ಬೆಳೆದಿತ್ತು. ನಮ್ಮ ಹೊಲದ ಬಾವಿ ನೀರು ಬಾಯಿಗೆ ಹಾಕಿಕೊಂಡರೆ ಮುಖ ಕಿವುಚಬೇಕು. ದೇವರೇ ಉಪ್ಪು ಬೆರೆಸಿ ಕೊಟ್ಟಿರುವಾಗ ಪೊಟ್ಟಣ ಪೂರ್ತಿ ಸುರಿಯುವುದೇಕೆ? ಅಣ್ಣನಿಗೆ ಹೇಳಿ ಟ್ರ್ಯಾಕ್ಟರಿನಲ್ಲಿ ಕ್ಯಾನುಗಟ್ಟಲೆ ತರಿಸಿದೆ. ಇನ್ನೂ ಎರಡು ಪೊಟ್ಟಣ ಒಡೆಯದೆ ಉಳಿದಿರುವಾಗಲೇ ಕೊಳವೆ ಸರಿಯಾದ ಗೆರೆಗೆ ಬಂದು ನಿಂತಿತು. ನಾನು ಬೀಗಿದ್ದೇ ಬೀಗಿದ್ದು.

ಕಲ್ಲುಗಳನ್ನು ಆರು ವಾರ ಆ ನೀರಿಗೆ ಹೊಂದಿಸಿದ ಮೇಲೆ ನನ್ನ ಗಂಡ ಗಾಳಿ ತುಂಬಿದ ಚೀಲಗಳನ್ನು ತೊಡೆಯ ಮೇಲಿಟ್ಟುಕೊಂಡು ಹೈದರಾಬಾದಿನಿಂದ ಬಂದಿಳಿದರು. ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಎರಡು ಮೀನು, ಅಂಗಿಯ ಗುಂಡಿಗಳಂತೆ ಒತ್ತೊತ್ತಾಗಿ ಕೂತ ಒಂದು ಹವಳ.

ಹವಳ ಬಾಯಿ ಬಿಡಲೇ ಇಲ್ಲ. ಎರಡನೆಯ ದಿನಕ್ಕೆ ಮೀನುಗಳು ಮೇಲೆ ಬಂದು ಏದುಸಿರು ಬಿಡತೊಡಗಿದವು. ಹತ್ತು ಸಲ ಕೊಳವೆ ಇಳಿಸಿದೆ. ಹತ್ತು ಸಲವೂ ಗೆರೆ ಸರಿಯಾಗಿತ್ತು. ಪಂಪಿನದೇ ತಪ್ಪೆಂದು ಗಂಡನ ಮೇಲೆ ಹರಿಹಾಯ್ದು, ಆಮೇಲೆ ಅಲ್ಲೇ ಕೂತು ಅತ್ತುಬಿಟ್ಟೆ.

ಅತ್ತೆಯವರು ಬಂದು ನಿಂತರು. ಪೆಟ್ಟಿಗೆ ಬೀದಿಗೆ ಬಿತ್ತೆಂದೇ ತಿಳಿದೆ. ಅವರು ಆ ಮೀನಿನ ನೀರಿಗೆ ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡು, ಅಂಗಳಕ್ಕೆ ಹೋಗಿ ಉಗುಳಿದರು.

“ಇದರಾಗ ಸವಳ ಐತಿ. ಎಲ್ಲೀದ ನೀರು?”

“ನಮ್ಮ ಹೊಲದ್ದರೀ ಅತ್ತಿ. ಅದೂ ಉಪ್ಪ ಅಲ್ಲೇನ್ರಿ?”

“ಉಪ್ಪ ಬ್ಯಾರೆ, ಸವಳ ಬ್ಯಾರೆ. ನಿನ್ನ ತವರಿನ ನೀರಾಗ ಬ್ಯಾಳಿ ಸೈತ ಬೇಯಂಗಿಲ್ಲ, ಮೀನ ಹ್ಯಾಂಗ ಬಾಳ್ವಿ ಮಾಡ್ಬೇಕು?”

ಕೊಳವೆಗೆ ಯಾವ ಉಪ್ಪಾದರೂ ಒಂದೇ. ಅಡಿಗೆ ಮಾಡಿ ಮಾಡಿ ಪಳಗಿದ ನಾಲಿಗೆಗೆ ಹಾಗಲ್ಲ. ನಾನು ಉಳಿದ ಪೊಟ್ಟಣಗಳನ್ನು ತಂದೆ. ಅತ್ತೆ ತಾವು ಕುಡಿಯಲು ಮಡಿಯಿಂದ ತಂದಿಟ್ಟಿದ್ದ ಎರಡು ಕೊಡ ಸಿಹಿನೀರನ್ನು ಬಕೆಟ್ಟಿಗೆ ಸುರಿದರು. ಇನ್ನಷ್ಟು ತರಲು ಊರಾಚೆಯ ಬಾವಿಗೆ ಅವರೇ ಹೋದರು, ನನ್ನನ್ನು ಕಳಿಸಲಿಲ್ಲ. ಎರಡು ದಿನ ಹಳೆಯ ನೀರು ತೆಗೆಯುವುದು, ಹೊಸದು ಬೆರೆಸುವುದು, ಇದೇ ಕೆಲಸ.

ಮರುದಿನ ಬೆಳಿಗ್ಗೆ ಹವಳ ಬಿಚ್ಚಿಕೊಂಡಿತ್ತು. ಒಂದೊಂದು ಗುಂಡಿಯ ಸುತ್ತಲೂ ಹಸಿರು ಎಳೆಗಳು ಮೆಲ್ಲಗೆ ಆಡುತ್ತಿದ್ದವು. ನನಗೆ ಕುಣಿಯಬೇಕೆನಿಸಿತು. ಆಗಲೇ ಕಲ್ಲಿನ ಹಿಂದೆ ಒಂದು ಮೀನು ಸತ್ತು ಬಿದ್ದಿದ್ದು ಕಂಡಿತು. ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಆರಿರದ ಅತ್ತೆ ಬಾಗಿಲಲ್ಲಿದ್ದರು. ಮುಚ್ಚಿಡಲು ಮನಸ್ಸು ಬರಲಿಲ್ಲ.

“ಅತ್ತಿ, ಒಂದ ಹೋತ್ರಿ.”

ಅವರು ಬಗ್ಗಿ ಬಹಳ ಹೊತ್ತು ನೋಡಿದರು. ಬದುಕಿದ ಮೀನು ಹವಳದ ಸುತ್ತ ಓಡಾಡುತ್ತಿತ್ತು.

“ಎರಡ ಇದ್ವೇನು?” ಎಂದರು. “ನಾ ಮೊದಲಿಂದ ಒಂದ ನೋಡೀನವಾ.”

ಹಾಗೆಂದವರೇ ಖಾಲಿ ಕೊಡ ಎತ್ತಿಕೊಂಡು ಬಾವಿಯ ಕಡೆ ನಡೆದರು.