ತೊಳೆದ ಬಾಟಲಿಯ ಶುದ್ಧ ರಿಪೋರ್ಟು

ಕಮಲಾಪುರದ ನಮ್ಮ ತವರುಮನೆಯಲ್ಲಿ ಬ್ಯಾಕ್ಟೀರಿಯಾ ಇಲ್ಲ. ನಗಬೇಡಿ. ಇದು ನನ್ನ ಮಾತಲ್ಲ, ಕಲಬುರಗಿಯ ಲ್ಯಾಬಿನವರು ಸೀಲು ಹೊಡೆದು, ಸಹಿ ಹಾಕಿ ಕೊಟ್ಟ ಮಾತು.

ನನ್ನ ತಂಗಿ ವಿಜಯಾ ಏಳು ತಿಂಗಳ ಬಸುರಿಯಾಗಿ ಹೆರಿಗೆಗೆಂದು ಅವ್ವನ ಮನೆಗೆ ಬಂದಿದ್ದಳು. ಹಿಂದಿನ ಸಲ ಆರು ತಿಂಗಳಿಗೇ ಗರ್ಭ ಹೋಗಿತ್ತು. ಹಾಗಾಗಿ ಈ ಸಲ ಅವಳು ಕೆಮ್ಮಿದರೂ ನಮ್ಮ ಎದೆ ಧಸಕ್ಕೆನ್ನುತ್ತಿತ್ತು. ಉರಿಮೂತ್ರ ಎಂದಳೆಂದು ಕಲಬುರಗಿಯ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಅವರು ಮೂತ್ರದ ಕಲ್ಚರ್ ಮಾಡಿಸಿ, ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ನೋಡೋಣ ಎಂದರು. (ಇಂಥ ಶಬ್ದವನ್ನೆಲ್ಲ ಪೇಪರಿನಲ್ಲಿ ಬರೆಯುತ್ತಾರೆಯೇ ಎನ್ನುವವರು ದಯವಿಟ್ಟು ಪುಟ ತಿರುಗಿಸಿ. ಪಕ್ಕದಲ್ಲೇ ವಾರಭವಿಷ್ಯ ಇದೆ.)

ಆಸ್ಪತ್ರೆಯ ಲ್ಯಾಬಿನಲ್ಲಿ ಒಬ್ಬ ಹುಡುಗಿ. ಬಸುರಿಯರಿಗೆ ಸೋಂಕು ತರುವ ಬ್ಯಾಕ್ಟೀರಿಯಾಗಳ ಜೀನ್ ಹುಡುಕಿ ಪಿಎಚ್.ಡಿ. ಮಾಡುತ್ತಿದ್ದಾಳಂತೆ. ಮುಚ್ಚಳ ಬಿಗಿದ ಪುಟ್ಟ ಬಾಟಲಿಯೊಂದನ್ನು ವಿಜಯಾಳ ಕೈಗಿಟ್ಟು, ಬೆಳಿಗ್ಗೆ ಎದ್ದಕೂಡಲೇ ಹಿಡಿದು ಬೇಗ ತಲುಪಿಸಿ, ಬಾಟಲಿ ಮಾತ್ರ ತೊಳೆಯಬೇಡಿ ಎಂದು ಹೇಳಿ ಕಳಿಸಿದಳು.

ತೊಳೆಯಬೇಡಿ? ನಮ್ಮ ಮನೆಯಲ್ಲಿ?

ಅಂಗಡಿಯಿಂದ ತಂದ ಬೆಲ್ಲವನ್ನೂ ಸಾಧ್ಯವಿದ್ದರೆ ತೊಳೆದೇ ಒಳಗೆ ಬಿಟ್ಟುಕೊಳ್ಳುವವಳು ನಮ್ಮವ್ವ. ಮಡಿಯಲ್ಲಿ ಹುಟ್ಟಿ ಮಡಿಯಲ್ಲಿ ಬೆಳೆದವಳು. ದವಾಖಾನೆಯ ಬಾಟಲಿ ಎಷ್ಟು ಜನರ ಕೈ ದಾಟಿ ಬಂದಿದೆಯೋ ಎಂದು ಬಚ್ಚಲಿಗೆ ಒಯ್ದು, ಸೀಗೆಪುಡಿ ಹಾಕಿ, ಬಿಸಿನೀರಿನಲ್ಲಿ ಮೂರು ಸಲ ತೊಳೆದಳು. ಅಷ್ಟಕ್ಕೇ ನಿಂತಿದ್ದರೆ ಅವ್ವನ ಮೇಲೆ ತಪ್ಪು ಹೊರಿಸಿ ನಾನು ಆರಾಮಾಗಿ ಇರಬಹುದಿತ್ತು. ಆದರೆ ನಾನು ಬಿ.ಎಸ್ಸಿ. ಓದಿದವಳು ನೋಡಿ. ಸೀಗೆಪುಡಿಯಿಂದ ಕ್ರಿಮಿ ಸಾಯುತ್ತವೆಯೇ ಎಂದು ಮೂಗು ಮುರಿದು, ನೀರಿನ ಟಾಕಿಗೆಂದು ತಂದಿಟ್ಟಿದ್ದ ಬ್ಲೀಚಿಂಗ್ ಪೌಡರ್ ಕಲಸಿ, ಬಾಟಲಿಗೆ ಸುರಿದು, ಚೆನ್ನಾಗಿ ಕುಲುಕಿ ಚೆಲ್ಲಿದೆ. ಆಮೇಲೆ ನೀರು ಹಾಕಲಿಲ್ಲ. ಬಾವಿಯ ನೀರಿನಲ್ಲಿ ಕ್ರಿಮಿ ಇರುತ್ತವಲ್ಲ, ಅದಕ್ಕೆ.

ವಿಜಯಾ ಬಾಗಿಲಲ್ಲಿ ನಿಂತು, "ತೊಳೀಬಾರದಂತ ಅಕ್ಕಾ, ಆಕಿ ಹೇಳ್ಯಾಳ" ಎಂದಳು.

ನಿನಗೇನು ತಿಳಿಯುತ್ತದೆ, ಹೋಗಿ ಮಲಗು ಎಂದೆವು. ಅವ್ವ ಮತ್ತು ನಾನು ಒಂದೇ ದನಿಯಲ್ಲಿ ಮಾತಾಡಿದ್ದು ಬಹುಶಃ ಅದೇ ಮೊದಲು.

ಮರುದಿನ ಬೆಳಿಗ್ಗೆ ತುಂಬಿದ ಬಾಟಲಿಯೊಂದಿಗೆ ಮೊದಲ ಬಸ್ಸು ಹತ್ತಿದೆ. ಅವ್ವ ಡಾಕ್ಟರಮ್ಮನಿಗೆಂದು ಕಮಲಾಪುರದ ಕೆಂಪು ಬಾಳೆಹಣ್ಣನ್ನೂ ಕಟ್ಟಿಕೊಟ್ಟಿದ್ದಳು, ಬೇರೆ ಚೀಲದಲ್ಲಿ. ಎರಡು ಚೀಲ ಒಂದಕ್ಕೊಂದು ತಾಗಬಾರದೆಂದು ಆಜ್ಞೆಯಾಗಿತ್ತು. ಒಂದನ್ನು ಎಡಗೈಯಲ್ಲಿ, ಒಂದನ್ನು ಬಲಗೈಯಲ್ಲಿ ಹಿಡಿದು ಕಲಬುರಗಿಯವರೆಗೆ ಬಂದೆ. ಕಂಡಕ್ಟರ್ ಟಿಕೆಟಿನ ಚೀಟಿಯನ್ನು ನನ್ನ ಬೆರಳ ಸಂದಿಗೆ ಸಿಕ್ಕಿಸಬೇಕಾಯಿತು.

ಎರಡು ದಿನ ಬಿಟ್ಟು ರಿಪೋರ್ಟು ಬಂತು. ಬ್ಯಾಕ್ಟೀರಿಯಾ ಬೆಳೆದಿಲ್ಲ. ಒಂದೂ ಇಲ್ಲ.

ಅವ್ವನ ಸಂಭ್ರಮ ಏನು ಹೇಳಲಿ. ಆ ಕಾಗದ ದೇವರ ಮುಂದೆ ಹೋಯಿತು, ಆಮೇಲೆ ಓಣಿಯಲ್ಲಿ ನಾಲ್ಕು ಮನೆ ತಿರುಗಿತು. ನಮ್ಮ ಮನೆತನದ ಶುಚಿಗೆ ಸರ್ಟಿಫಿಕೇಟು ಸಿಕ್ಕಂತಾಯಿತು. ವಿಜಯಾ ಮಾತ್ರ, ಉರಿ ಕಡಿಮೆಯಾಗಿಲ್ಲ ಎನ್ನುತ್ತಲೇ ಇದ್ದಳು. ಅವ್ವ ಉಷ್ಣ ಎಂದಳು, ಕೊತ್ತಂಬರಿ ಬೀಜ ನೆನೆಸಿದ ನೀರು ಕುಡಿಸಿದಳು. ವಿಜಯಾಳ ಗಂಡ ಫೋನಿನಲ್ಲಿ ಟೆನ್ಶನ್ ಎಂದ. ನಾನು? ರಿಪೋರ್ಟು ಸಾಫ್ ಇದೆಯಲ್ಲ, ಸುಮ್ಮನೆ ಮನಸ್ಸಿಗೆ ಹಚ್ಚಿಕೊಂಡಿದ್ದೀ ಎಂದೆ. ಒಂದು ವಾರ ಹೇಳಿದಳು. ಎರಡನೇ ವಾರವೂ ಹೇಳಿದಳು. ಮೂರನೇ ವಾರ ಹೇಳುವುದನ್ನು ಬಿಟ್ಟಳು. ನೋಡಿ, ವಾಸಿಯಾಯಿತು ಎಂದು ನಾವು ಖುಷಿಪಟ್ಟೆವು.

ಆ ವಾರದ ಕೊನೆಗೆ ನಡುಗುವ ಚಳಿ, ಮೈ ಸುಡುವ ಜ್ವರ. ಸೊಂಟದ ಮೇಲೆ ಕೈಯಿಟ್ಟರೆ ಚೀರುತ್ತಿದ್ದಳು. ಹೊಟ್ಟೆ ಮತ್ತೆ ಮತ್ತೆ ಬಿಗಿಯತೊಡಗಿತು. ಜೀಪು ಮಾಡಿಕೊಂಡು ಕಲಬುರಗಿಗೆ ಓಡಿದೆವು. ದಾರಿಯುದ್ದಕ್ಕೂ ಅವಳು ಒಂದೇ ಮಾತು ಕೇಳುತ್ತಿದ್ದಳು: "ಇದೂ ಹೋಗ್ತದೇನ ಅಕ್ಕಾ?"

ಸೋಂಕು ಕಿಡ್ನಿಗೆ ಏರಿದೆ, ದಿನ ತುಂಬುವ ಮೊದಲೇ ನೋವು ಶುರುವಾಗಿದೆ ಎಂದರು ಡಾಕ್ಟರಮ್ಮ. ಪಿಎಚ್.ಡಿ. ಹುಡುಗಿ ಹೊಸ ಬಾಟಲಿ ಹಿಡಿದು ಬಂದಳು. ಹಳೇ ರಿಪೋರ್ಟು ನೋಡಿ ಹುಬ್ಬು ಗಂಟಿಕ್ಕಿ, ಬಾಟಲಿಯನ್ನು ಏನಾದರೂ ಮಾಡಿದ್ದಿರಾ ಎಂದು ಕೇಳಿದಳು. ಅವ್ವ ಹೆಮ್ಮೆಯಿಂದ ಸೀಗೆಪುಡಿಯಿಂದ ಬ್ಲೀಚಿಂಗ್ ಪೌಡರಿನವರೆಗೆ ಎಲ್ಲವನ್ನೂ ಒಪ್ಪಿಸಿದಳು. ಹುಡುಗಿ ನನ್ನ ಕಡೆ ತಿರುಗಿದಳು.

"ಬಾಟಲ್ಯಾಗಿನ ಬ್ಯಾಕ್ಟೀರಿಯಾ ಕೊಂದ್ರಿ ಅಕ್ಕಾರ. ಹೊಟ್ಟ್ಯಾಗಿಂದು ಹಂಗೇ ಬಿಟ್ರಿ."

ಈ ಸಲದ ಬಾಟಲಿಯನ್ನು ಯಾರೂ ಮುಟ್ಟಲಿಲ್ಲ. ಬ್ಯಾಕ್ಟೀರಿಯಾ ಸೊಂಪಾಗಿ ಬೆಳೆಯಿತು. ಹುಡುಗಿ ಅದರ ಜಾತಕವನ್ನೂ ತೆಗೆದಳು. ಈ ಜಾತಿಯ ಬ್ಯಾಕ್ಟೀರಿಯಾ ನಮ್ಮೆಲ್ಲರ ಕರುಳಿನಲ್ಲೂ ತನ್ನ ಪಾಡಿಗೆ ತಾನು ಇರುತ್ತದಂತೆ. ಆದರೆ ಕೆಲವಕ್ಕೆ ರೋಗ ಹಚ್ಚುವ ಎಕ್ಸ್‌ಟ್ರಾ ಜೀನ್‌ಗಳಿರುತ್ತವೆ. ಒಂದು ಜೀನ್ ಕೊಕ್ಕೆ ಮಾಡಿಕೊಡುತ್ತದೆ. ಅದನ್ನು ಮೂತ್ರನಾಳದ ಗೋಡೆಗೆ ಸಿಕ್ಕಿಸಿ ಕೂತರೆ ಕೊತ್ತಂಬರಿ ನೀರಲ್ಲ, ಕೊಡಗಟ್ಟಲೆ ನೀರು ಕುಡಿದರೂ ಕೊಚ್ಚಿಹೋಗುವುದಿಲ್ಲ. (ಟ್ರಾನ್ಸ್‌ಫರ್ ಆರ್ಡರ್ ಬಂದರೂ ಕುರ್ಚಿ ಬಿಡದ ನಮ್ಮ ಆಫೀಸಿನ ಸಾಹೇಬರು ನೆನಪಾದರು.) ಇನ್ನೊಂದು ಜೀನ್ ರಕ್ತಕಣ ಒಡೆಯುವ ವಿಷಕ್ಕೆ. ಮತ್ತೊಂದು ನಮ್ಮ ಮೈಯ ಕಬ್ಬಿಣ ದೋಚುವುದಕ್ಕೆ. ಮೇಲಿಂದ ಬಸುರಿಯ ಗರ್ಭ ಒತ್ತಿ ಮೂತ್ರ ನಿಧಾನವಾಗುತ್ತದೆ, ಇವು ಆರಾಮಾಗಿ ಕಿಡ್ನಿಯವರೆಗೆ ಏರುತ್ತವೆ. ವಿಜಯಾಳ ಬ್ಯಾಕ್ಟೀರಿಯಾಕ್ಕೆ ಮೂರೂ ಜೀನ್ ಇದ್ದವು. ಹುಡುಗಿಗೆ ಇಷ್ಟು ಒಳ್ಳೆಯ ಸ್ಯಾಂಪಲ್ ಇಡೀ ವರ್ಷ ಸಿಕ್ಕಿರಲಿಲ್ಲವಂತೆ. ಅಭಿನಂದನೆ ಯಾರಿಗೆ ಸಲ್ಲಬೇಕೋ ಗೊತ್ತಾಗಲಿಲ್ಲ.

ಹತ್ತು ದಿನ ಇಂಜೆಕ್ಷನ್. ನೋವು ನಿಂತಿತು. ಮೊನ್ನೆ ಹೆರಿಗೆಯಾಯಿತು, ಹೆಣ್ಣುಮಗು. ತೂಕ ತುಸು ಕಡಿಮೆ, ದನಿ ಮಾತ್ರ ಓಣಿಗೆಲ್ಲ ಕೇಳುತ್ತದೆ. ಅದು ಅತ್ತಾಗ ನನಗೂ ಅಳು ಬಂತು, ಮುಚ್ಚಿಡುವುದೇನು.

ನಿನ್ನೆ ಧೈರ್ಯ ಮಾಡಿ ವಿಜಯಾಳ ಹತ್ತಿರ ಕೂತು, ಆ ಬಾಟಲಿ ತೊಳೆದದ್ದು ನನ್ನ ದೊಡ್ಡ ತಪ್ಪು ಎಂದೆ. ಅವಳು ಮಗುವಿನ ಮುಖದಿಂದ ಕಣ್ಣೆತ್ತಲಿಲ್ಲ.

"ಬಾಟಲಿದು ಇರ್ಲಿ ಬಿಡ ಅಕ್ಕಾ. ನಾ ಉರೀತದ ಉರೀತದ ಅಂತ ಹೇಳಿದ್ದು?"

ಬ್ಯಾಕ್ಟೀರಿಯಾದ ಜೀನ್ ಓದುವ ಯಂತ್ರ ಕಲಬುರಗಿಗೂ ಬಂದಾಯಿತು. ಎದುರಿಗೆ ಕೂತ ಹೆಣ್ಣುಮಗಳು ಉರಿಯುತ್ತಿದೆ ಎಂದರೆ ಉರಿಯುತ್ತಿದೆ ಎಂದು ತಿಳಿಯಲು ನಮಗೆ ಇನ್ನಾವ ಯಂತ್ರ ಬರಬೇಕು?