ಅಂಗೈಗೆ ಬಂದ ಬಿಸಿಲು

ಅವರ ಬಲಗೈ ಬೆರಳುಗಳಿಗೆ ಎರಡು ಬಣ್ಣಗಳಿದ್ದವು. ಉಗುರುಗಳ ಸುತ್ತ ಹಿಪ್ಪುನೇರಳೆ ಸೊಪ್ಪಿನ ಹಾಲು ಒಣಗಿ ಕಟ್ಟಿದ ಕಪ್ಪು, ಅದರ ಮೇಲೆ ಸೀಮೆಸುಣ್ಣದ ಬಿಳಿ. ಬೆಳಿಗ್ಗೆ ಅತ್ತೆಯ ಮನೆಯ ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕಿ, ಅನಂತರ ಸಾದಲಿಯ ನಮ್ಮ ಪ್ರೌಢಶಾಲೆಗೆ ನಡೆದು ಬರುತ್ತಿದ್ದ ವಿಜ್ಞಾನದ ಟೀಚರ್ ಅವರು. ಎಷ್ಟು ತೊಳೆದರೂ ಆ ಕಪ್ಪು ಬಿಡುತ್ತಿರಲಿಲ್ಲ. ಮುಂದಿನ ಬೆಂಚಿನ ಹುಡುಗಿಯರು ಅದನ್ನು ನೋಡಿ ಕಿಸಕ್ಕೆಂದರೆ, "ನಗ್ರಮ್ಮ, ನಗ್ರಿ. ನಿಮ್ಮ ರೇಷ್ಮೆ ಲಂಗ ಶುರುವಾಗೋದು ಈ ಬಣ್ಣದಿಂದಾನೇ" ಎನ್ನುತ್ತಿದ್ದರು.

ಊರಿನ ದಕ್ಷಿಣಕ್ಕಿರುವ ಕಾಲೊನಿಯಿಂದ ಬರುತ್ತಿದ್ದ ನಾವು ಹಿಂದಿನ ಗೋಡೆಗೆ ಒರಗಿ ಕೂರುತ್ತಿದ್ದೆವು. ಹಾಗೆ ಕೂರಬೇಕೆಂದು ಯಾರೂ ಎಲ್ಲಿಯೂ ಬರೆದಿರಲಿಲ್ಲ. ಬರೆದಿದ್ದರೆ ಯಾರಾದರೂ ಪ್ರಶ್ನಿಸಬಹುದಿತ್ತು. ಆ ಗೋಡೆಗೆ ಕಿಟಕಿ ಇರಲಿಲ್ಲ. ಬೆಳಕಿನ ಪಾಠದ ದಿನ ಟೀಚರ್ ಎಲ್ಲರನ್ನೂ ಎಬ್ಬಿಸಿ ಕಿಟಕಿಗಳ ಬಳಿ ನಿಲ್ಲಿಸಿದರು; ಅಂಗೈಗಳನ್ನು ಸರಳುಗಳಾಚೆ ಚಾಚಿಸಿದರು.

"ಕೈಗೆ ಏನು ಗೊತ್ತಾಗ್ತಿದೆ?"

"ಬಿಸಿ ಮಿಸ್."

"ಯಾರು ತಂದ್ಕೊಟ್ರು?"

"ಸೂರ್ಯ ಮಿಸ್."

"ಸೂರ್ಯ ಅಲ್ಲೇ ಇದಾನಲ್ರಪ್ಪ, ಇಲ್ಲಿಗೆ ಬಂದೇ ಇಲ್ಲ. ನಡುವೆ ಗಾಳಿ ಇಲ್ಲ, ತಂತಿ ಇಲ್ಲ, ಬರೀ ಖಾಲಿ. ಮತ್ತೆ ಬಿಸಿ ಹೆಂಗೆ ಬಂತು?"

"ಬಸ್ಸಲ್ಲಿ ಬಂತೇನೋ ಮಿಸ್" ಎಂದು ಯಾರೋ ಗೊಣಗಿದರು.

"ಚಿಂತಾಮಣಿ ಬಸ್ಸಾಗಿದ್ರೆ ಇವತ್ತಂತೂ ಬರ್ತಿರಲಿಲ್ಲ ಬಿಡು" ಎಂದು ಅವರೂ ನಕ್ಕರು.

ಬಳಿಕ ವಿವರಿಸಿದರು. ಶಬ್ದಕ್ಕೆ ಸಾಗಲು ಗಾಳಿಯಂಥದೊಂದು ಬೇಕು; ಬೆಳಕಿಗೆ ಬೇಡ. ಬದಲಾಗುತ್ತಿರುವ ವಿದ್ಯುತ್ ಕ್ಷೇತ್ರವು ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ, ಬದಲಾಗುತ್ತಿರುವ ಕಾಂತಕ್ಷೇತ್ರವು ಮತ್ತೆ ವಿದ್ಯುತ್ ಕ್ಷೇತ್ರವನ್ನು. ಒಂದು ಇನ್ನೊಂದನ್ನು ಎಬ್ಬಿಸುತ್ತ, ಶಕ್ತಿಯನ್ನು ಹೊತ್ತು, ಏನೂ ಇಲ್ಲದ ಕಡೆಯೂ ಅವು ಮುಂದಕ್ಕೆ ಸಾಗುತ್ತವೆ. ನಮ್ಮ ಮುಖಗಳಲ್ಲಿ ಏನೂ ಮೂಡಲಿಲ್ಲ. ಆಗ ಅವರು ನನ್ನನ್ನೂ ಮುಂದಿನ ಬೆಂಚಿನ ಒಬ್ಬಳನ್ನೂ ಕರೆದು, ಎದುರುಬದುರು ನೆಲದ ಮೇಲೆ ಕೂತು, ಕಾಲ್ಬೆರಳಿಗೆ ಕಾಲ್ಬೆರಳು ತಾಗಿಸಿ, ಕೈ ಹಿಡಿದು ಒಟ್ಟಿಗೆ ಏಳುವಂತೆ ಹೇಳಿದರು. ನಾನು ಕೂತೆ. ಅವಳು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತೇ ಇದ್ದಳು.

ಟೀಚರ್ ಅವಳನ್ನು ಗದರಲಿಲ್ಲ. ಸೀಮೆಸುಣ್ಣ ಮೇಜಿನ ಮೇಲಿಟ್ಟರು, ಸೆರಗು ಸಿಕ್ಕಿಸಿಕೊಂಡರು, ಸಿಮೆಂಟಿನ ನೆಲದ ಮೇಲೆ ನನ್ನೆದುರು ಕೂತರು. "ಎಳಿಯಮ್ಮ" ಎಂದು ಎರಡೂ ಕೈ ಚಾಚಿದರು. ನಾನು ಅವರನ್ನು ಎಳೆದೆ, ಅವರು ನನ್ನನ್ನು ಎಳೆದರು, ಇಬ್ಬರೂ ಎದ್ದು ನಿಂತೆವು.

"ಗೋಡೆ ಹಿಡ್ಕೊಂಡ್ವಾ? ಕಂಬ ಹಿಡ್ಕೊಂಡ್ವಾ? ಒಬ್ರನ್ನೊಬ್ರು ಹಿಡ್ಕೊಂಡು ಎದ್ವಿ. ಬೆಳಕೂ ಹೆಚ್ಚುಕಮ್ಮಿ ಹಿಂಗೇ." ಸ್ವಲ್ಪ ಯೋಚಿಸಿ, "ಪೂರ್ತಿ ಹಿಂಗೇ ಅಲ್ಲ. ನಮಗೆ ನೆಲ ಬೇಕಾಯ್ತು, ಅದಕ್ಕೆ ನೆಲಾನೂ ಬೇಡ" ಎಂದರು. ಒಪ್ಪದ ಉಪಮೆಯನ್ನು ಒಪ್ಪಿದಂತೆ ತೋರಿಸುವುದು ಅವರ ಸ್ವಭಾವವಲ್ಲ.

ನನ್ನ ತಾಯಿ ಟೀಚರ್ ಅವರ ಅತ್ತೆಯ ತೋಟದಲ್ಲಿಯೇ ಸೊಪ್ಪು ಕೊಯ್ಯುವ ಕೂಲಿ ಮಾಡುತ್ತಿದ್ದಳು. ಗಂಡಸಿಗೆ ಕೊಡುವ ಕೂಲಿ ಅವಳಿಗೆ ಸಿಗುತ್ತಿರಲಿಲ್ಲ, ಅವಳಿಗೆ ಕಾಫಿ ಕೊಡುತ್ತಿದ್ದ ಲೋಟ ಹಿತ್ತಲ ಗೋಡೆಯ ಗೂಡಿನಲ್ಲಿ ಬೇರೆಯಾಗಿ ಇರುತ್ತಿತ್ತು. ಇವೆರಡೂ ಅನ್ಯಾಯಗಳೇ. ಆದರೆ ಮೂರನೆಯದೊಂದಿತ್ತು, ಅದು ಅವಳ ನಡಿಗೆಯೊಳಗೇ ಸೇರಿಹೋಗಿತ್ತು. ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆಗಳನ್ನು ಆ ಮನೆಯವರು ಅಂಗಳದಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದರು. ಕಾಲೊನಿಯವರ ನೆರಳು ಅವುಗಳ ಮೇಲೆ ಬಿದ್ದರೆ ಹುಳು ಕೆಡುತ್ತದೆ ಎಂಬುದು ಅಲ್ಲಿನ ನಂಬಿಕೆ. ಹಾಗಾಗಿ ಅಮ್ಮ ಬೆಳಿಗ್ಗೆ ಚಂದ್ರಿಕೆಗಳ ಪಡುವಣ ಬದಿಯಲ್ಲಿ ಹಾಯುವಳು, ಸಂಜೆ ಮೂಡಣ ಬದಿಯಲ್ಲಿ. ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತು, ಸೂರ್ಯನೆಲ್ಲಿದ್ದಾನೆಂದು ನೋಡಿ ಹೆಜ್ಜೆಯಿಡುವಳು. ಬೆಳಕಿನ ರೇಖಾಗಣಿತವನ್ನು ಅವಳು ಅವಮಾನದಿಂದ ಕಲಿತಿದ್ದಳು.

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಒಂದು ಬೆಳೆ ಹಾಳಾಯಿತು. ಚಂದ್ರಿಕೆಗೆ ಬಿಟ್ಟ ಹುಳುಗಳು ನೂಲು ತೆಗೆಯದೆ ಕಪ್ಪಾಗಿ ಜೋತುಬಿದ್ದವು. ಅಮ್ಮ ಹಿಂದಿನ ಬೆಳಿಗ್ಗೆ ಅವಸರದಲ್ಲಿ ಮೂಡಣ ಬದಿಯಿಂದ ಹಾದದ್ದನ್ನು ಅತ್ತೆ ನೋಡಿದ್ದರು. ಇನ್ನು ಬರಬೇಡ ಎಂದರು. ನಮ್ಮ ಮನೆಗೆ ಬೇರೆ ದುಡಿಮೆ ಇರಲಿಲ್ಲ. ಅದಕ್ಕಿಂತಲೂ ನನ್ನನ್ನು ಹೆದರಿಸಿದ್ದು ಅಮ್ಮನ ಮಾತು: "ಬಿದ್ದಿದ್ದು ನಿಜ ಕಣೇ. ಪಾಪ, ಅಷ್ಟು ಹುಳ."

ಮರುದಿನ ನಾನು ಟೀಚರನ್ನು ಕೇಳಿದೆ: "ನೆರಳು ಬಿದ್ರೆ ಹುಳ ಸಾಯ್ತವಾ ಮಿಸ್?"

"ಬೆಳಕು ಏನಾದ್ರೂ ತರುತ್ತೆ ಕಣಮ್ಮ. ನೆರಳು ಏನೂ ತರಲ್ಲ. ಬೆಳಕು ಬರದೇ ಇರೋ ಜಾಗಕ್ಕೆ ನಾವಿಟ್ಟಿರೋ ಹೆಸರು ಅದು" ಎಂದರು. ಆಮೇಲೆ ತಮ್ಮ ಕಪ್ಪು ಉಗುರುಗಳನ್ನು ನೋಡಿಕೊಂಡು, "ನಿಂಗೆ ಹೇಳೋದು ಸುಲಭ. ನಮ್ಮನೇಲಿ ಹೇಳ್ಬೇಕು" ಎಂದರು.

ಹೇಳುವ ದಿನಕ್ಕಾಗಿ ಅವರು ಮುಂದಿನ ಬೆಳೆಯವರೆಗೆ ಕಾದರು. ಚಂದ್ರಿಕೆಗಳು ಅಂಗಳಕ್ಕೆ ಬಂದ ಬೆಳಿಗ್ಗೆ ನಮ್ಮ ಮನೆಗೇ ಬಂದು, ಅಮ್ಮನನ್ನು ಕರೆದೊಯ್ದರು. ನಾನೂ ಹಿಂದೆ ಹೋದೆ. ಸೂರ್ಯನಿಗೂ ಚಂದ್ರಿಕೆಗಳಿಗೂ ನಡುವೆ ಟೀಚರ್ ಹೋಗಿ ನಿಂತು, "ನೀನೂ ಬಾರಮ್ಮ" ಎಂದರು.

"ಬ್ಯಾಡ ಟೀಚರಮ್ಮ, ನಿಮ್ಮ ಕಾಲಿಗೆ ಬೀಳ್ತೀನಿ. ಈ ಸಲಾನೂ ಕೆಟ್ರೆ ನಾನು ಈ ಊರಲ್ಲಿ ಇರಕ್ಕಾಗಲ್ಲ."

"ಕೆಟ್ರೆ ನಾನೂ ಇರಲ್ಲ. ಬಾ."

ಅಮ್ಮ ಹೋಗಿ ಅವರ ಪಕ್ಕದಲ್ಲಿ ನಿಂತಳು. ಎರಡು ನೆರಳುಗಳು ಚಂದ್ರಿಕೆಯ ಮೇಲೆ ಬಿದ್ದು ಒಂದಾದವು. ಅತ್ತೆ ಹೊಸ್ತಿಲಿಗೆ ಬಂದರು.

"ಏಮಮ್ಮಾ, ಬಿಸಿಲಿಗೆ ತಲೆ ಕೆಡ್ತಾ ನಿಂಗೆ? ಮನೆ ಹಾಳು ಮಾಡಕ್ಕೆ ನಿಂತಿದೀಯಾ?"

"ಇದರಲ್ಲಿ ನನ್ನದು ಯಾವುದು, ಅವಳದು ಯಾವುದು, ತೋರಿಸಿ ಅತ್ತೆ."

ಅತ್ತೆ ನೆರಳನ್ನು ನೋಡಿದರು.

"ಬಿಸಿಲು ಏರಿದ್ರೆ ಹುಳ ಬೇಯ್ತವೆ ಅಂತ ನೀವೇ ಗೋಣಿಚೀಲ ಅಡ್ಡ ಕಟ್ತೀರ. ಗೋಣಿಚೀಲದ ನೆರಳು ಆಗುತ್ತೆ, ಮನುಷ್ಯರದು ಆಗಲ್ವಾ? ಹೋದ ಸಲ ಹುಳ ಕೆಟ್ಟಿದ್ದು ನಾವು ಹಾಕಿದ ಒದ್ದೆ ಸೊಪ್ಪಿಗೆ ಅತ್ತೆ. ಕೊಯ್ದ ಇವಳೇ ಬೇಡ ಅಂದ್ಲು, ನಾವೇ ಕೇಳಲಿಲ್ಲ."

ಅತ್ತೆ ಒಮ್ಮೆ ಆಕಾಶವನ್ನು ನೋಡಿದರು, ಒಮ್ಮೆ ಹುಳುಗಳನ್ನು. ಬಿಸಿಲು ನಿಜವಾಗಿಯೂ ಏರುತ್ತಿತ್ತು. "ನಿಂತಿದ್ದು ನಿಂತಿದೀರಿ, ಅಲ್ಲೇ ಇರಿ ಇಬ್ರೂ. ಗೋಣಿಚೀಲ ತರೋವರ್ಗೂ ಅಲ್ಲಾಡಬೇಡಿ" ಎಂದು ಒಳಗೆ ಹೋದರು.

ಆ ಬೆಳೆ ಚೆನ್ನಾಗಿಯೇ ಬಂತು, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಹೋಯಿತು. ಅಮ್ಮನಿಗೆ ಕೆಲಸ ಮರಳಿ ಸಿಕ್ಕಿತು. ಇದನ್ನು ಗೆಲುವೆಂದು ಬರೆಯಲು ನನಗೆ ಸಂಕೋಚವಿದೆ. ಬೆಳೆ ಬೇರೆ ಯಾವ ಕಾರಣಕ್ಕಾದರೂ ಕೆಟ್ಟಿದ್ದರೆ ನನ್ನ ತಾಯಿ ಮತ್ತೆ ಅಪರಾಧಿಯಾಗುತ್ತಿದ್ದಳು. ಒಂದು ಮನುಷ್ಯ ಜೀವದ ಮಾನವನ್ನು ಹುಳುಗಳ ಆರೋಗ್ಯಕ್ಕೆ ಕಟ್ಟಿಹಾಕಿದ್ದೇ ತಪ್ಪು. ಟೀಚರಿಗೂ ಅದು ತಿಳಿದಿತ್ತು. "ನಾನು ಮಾಡಿದ್ದು ಜೂಜು ಕಣಮ್ಮ, ಅದು ವಿಜ್ಞಾನ ಅಲ್ಲ" ಎಂದು ಮುಂದೊಮ್ಮೆ ಹೇಳಿದರು. ಅವರ ಗಂಡ ಬಹಳ ಕಾಲ ಅವರೊಡನೆ ಮಾತು ಬಿಟ್ಟಿದ್ದರು, ನೆಂಟರು ಶುಭಕಾರ್ಯಗಳಲ್ಲಿ ಬಡಿಸಲು ಕರೆಯುವುದನ್ನು ನಿಲ್ಲಿಸಿದರು. ಹಿತ್ತಲ ಗೂಡಿನ ಲೋಟದ ವಿಷಯದಲ್ಲಿ ಮಾತ್ರ ಟೀಚರ್ ತಮ್ಮನ್ನು ಕ್ಷಮಿಸಿಕೊಳ್ಳಲೇ ಇಲ್ಲ. "ಇಷ್ಟು ವರ್ಷ ಕಣ್ಣೆದುರೇ ಇತ್ತು" ಎನ್ನುತ್ತಿದ್ದರು. ಅದನ್ನು ಒಳಗೆ ತಂದು ತಾವೇ ಅದರಲ್ಲಿ ಕಾಫಿ ಕುಡಿಯತೊಡಗಿದರು. ಅಮ್ಮನಿಗೆ ಮನೆಯ ಲೋಟ ಬಂತು.

ಇಂದು ನಾನು ಕೂಲಿ ಹೆಂಗಸರ ಸಂಘಟನೆಯ ಕೆಲಸಕ್ಕಾಗಿ ಚಿಕ್ಕಬಳ್ಳಾಪುರದಿಂದ ಗೌರಿಬಿದನೂರಿನವರೆಗೆ ಊರೂರು ಅಲೆಯುತ್ತೇನೆ. ಸಭೆಗಳಲ್ಲಿ ಮಾತು ತಡವರಿಸಿದಾಗ ಎದುರಿಗಿರುವವಳ ಕೈಗೆ ಕೈ ಚಾಚಿ, ನೆಲದಿಂದ ಒಟ್ಟಿಗೆ ಏಳುವುದನ್ನು ತೋರಿಸುತ್ತೇನೆ. ಇದನ್ನು ಎಲ್ಲಿ ಕಲಿತೆ ಎಂದು ಕೇಳಿದವರಿಗೆ, ಬೆಳಕಿನ ಪಾಠದಲ್ಲಿ ಎನ್ನುತ್ತೇನೆ.

ಕಳೆದ ಬೇಸಿಗೆಯಲ್ಲಿ ಟೀಚರ್ ತೀರಿಕೊಂಡರು. ಬೆಳಿಗ್ಗೆ ಅದೇ ಅಂಗಳದಲ್ಲಿ ಮಲಗಿಸಿದ್ದರು. ಶಾಮಿಯಾನ ಇನ್ನೂ ಬಂದಿರಲಿಲ್ಲ. ನಾನು ಪಕ್ಕದಲ್ಲಿ ಕೂತು ಬಲಗೈ ಹಿಡಿದೆ. ಉಗುರಿನ ಸುತ್ತಲ ಕಪ್ಪು ಹಾಗೇ ಇತ್ತು. ಅಂಗೈ ಬೆಚ್ಚಗಿತ್ತು. ಆ ಬಿಸಿ ಬಿಸಿಲಿನದೆಂದು ಒಂದು ಕ್ಷಣದ ಮೇಲೆ ಅರಿವಾಯಿತು.

ಅಷ್ಟರಲ್ಲಿ ಅಮ್ಮ ಬಂದಳು. ಮೂಡಣ ಬದಿಯಿಂದಲೇ, ನೇರವಾಗಿ, ಸೇರಿದ್ದ ನೆಂಟರ ನಡುವೆ ನಡೆದು ಅವರ ತಲೆಯ ಬಳಿ ನಿಂತಳು. ಅವಳ ನೆರಳು ಟೀಚರ್ ಮುಖದ ಮೇಲೆ ಬಿತ್ತು. "ಸ್ವಲ್ಪ ಆ ಕಡೆ ಹೋಗಮ್ಮ" ಎಂದು ಯಾರೋ ಅಂದರು.

"ಮುಖಕ್ಕೆ ಬಿಸಿಲು ಹೊಡೀತೈತಲ್ಲಪ್ಪ" ಎಂದಳು ಅಮ್ಮ.

ಶಾಮಿಯಾನ ಕಟ್ಟುವವರೆಗೂ ಅವಳು ಅಲ್ಲಿಂದ ಅಲ್ಲಾಡಲಿಲ್ಲ.